ಮೋಡದೊಳಗೆ ಸಿಕ್ಕಿಬಿದ್ದರೆ ಮೊದಲ ಒಂದು ನಿಮಿಷ ಏನು ಮಾಡಬೇಕು?

ಹೊಸರೆಕ್ಕೆ: ಸೆಸ್ನಾ 172 (ಒಂಟಿ ಎಂಜಿನ್ನಿನ ಪುಟ್ಟ ವಿಮಾನ), ಹಳೇ ಗುಂಡು ಮೀಟರ್‌ಗಳ ಪ್ಯಾನೆಲ್, ಆಟೊಪೈಲಟ್ ಇಲ್ಲ, ಪೈಲಟ್‌ಗೆ ಇನ್‌ಸ್ಟ್ರುಮೆಂಟ್ ರೇಟಿಂಗೂ (ಬರೀ ಮೀಟರ್ ನೋಡಿ ಹಾರೋ ಅರ್ಹತೆ) ಇಲ್ಲ. ಮೋಡಕ್ಕೆ ನುಗ್ಗಿದರೆ ‘ತಕ್ಷಣ 180 ಡಿಗ್ರಿ ತಿರುಗು’ ಅಂತಾರೆ. ಎಷ್ಟು ವಾಲಿಸಬೇಕು, ಎಷ್ಟು ಸೆಕೆಂಡು? ಸುಮ್ಮನೆ ಕೆಳಗಿಳಿದರೆ ಆಗಲ್ವಾ?

ಗಾಳಿಕೋಳಿ: ಆ ‘ತಕ್ಷಣ’ ಅನ್ನೋದೇ ಅಪಾಯ. ಮೊದಲು ಆಟಿಟ್ಯೂಡ್ ಇಂಡಿಕೇಟರ್ (ವಿಮಾನ ಎಷ್ಟು ವಾಲಿದೆ ಅಂತ ತೋರಿಸೋ ಮೀಟರ್) ನೋಡಿ ರೆಕ್ಕೆ ಮಟ್ಟ ಮಾಡಿ. ಕಿಟಕಿ ಕಡೆ ಮತ್ತೆ ಕಣ್ಣು ಹಾಕಬೇಡಿ. ಪವರ್, ಟ್ರಿಮ್ (ಮೂಗಿನ ಮಟ್ಟ ಹಿಡಿದಿಡೋ ಹೊಂದಾಣಿಕೆ) ಮುಟ್ಟಬೇಡಿ. ಯೋಕ್ (ವಿಮಾನದ ಸ್ಟಿಯರಿಂಗ್) ಎರಡೇ ಬೆರಳಲ್ಲಿ ಇರಲಿ, ಬಿಗಿಹಿಡಿದರೆ ಗೊತ್ತಿಲ್ಲದೆ ಎಳೀತೀರಿ. ಪಿಟೊ ಹೀಟ್ (ಸ್ಪೀಡ್ ಅಳೆಯೋ ಕೊಳವೆಗೆ ಹಿಮ ಕಟ್ಟದ ಹಾಗೆ ಬಿಸಿಮಾಡೋದು) ಆನ್.

ಆಮೇಲೆ ದಿಕ್ಕು ತೋರಿಸೋ ಹೆಡಿಂಗ್ ಇಂಡಿಕೇಟರ್‌ನ ತಳದಲ್ಲಿರೋ ಅಂಕಿ ಓದಿ. ವಾಪಸ್ ದಿಕ್ಕು ಅದೇ, ಅದರ ಬಗ್ (ಬೇಕಾದ ದಿಕ್ಕಿಗೆ ಇಡೋ ಗುರುತು) ಅಲ್ಲಿಗೆ ತಿರುಗಿಸಿ. 100 ನಾಟ್‌ನಲ್ಲಿ ಸುಮಾರು 15 ಡಿಗ್ರಿ ವಾಲಿಸಿದರೆ ಸೆಕೆಂಡಿಗೆ 3 ಡಿಗ್ರಿ, ಅಂದರೆ ಪೂರ್ತಿ ತಿರುಗೋಕೆ ಒಂದು ನಿಮಿಷ. ಗಾಬರಿಯಲ್ಲಿ 30ಕ್ಕೆ ವಾಲಿಸಿದರೆ ಮೂಗು ಬೀಳುತ್ತೆ, ಸ್ಪೀಡ್ ಏರುತ್ತೆ. ಬಗ್ ತಲುಪೋಕೆ 7–8 ಡಿಗ್ರಿ ಇರುವಾಗಲೇ ಮಟ್ಟಕ್ಕೆ ತನ್ನಿ.

ಮೂರನೇ ಕಿವಿ: ಮಟ್ಟಕ್ಕೆ ತರುವಾಗಲೇ ಕಿವಿ ಕೈಕೊಡೋದು. ತಿರುವು ಒಂದೇ ಸಮ ಸಾಗಿದರೆ ಒಳಕಿವಿಯ ದ್ರವ 10–20 ಸೆಕೆಂಡಲ್ಲಿ ಸುಮ್ಮನಾಗಿಬಿಡುತ್ತೆ. ರೆಕ್ಕೆ ಮಟ್ಟ ಮಾಡಿದ ಕೂಡಲೇ ಎದುರು ಕಡೆಗೆ ವಾಲಿದ ಹಾಗೆ ಅನ್ನಿಸಿ, ಪೈಲಟ್ ಮತ್ತೆ ಹಳೇ ಕಡೆಗೇ ವಾಲಿಸ್ತಾನೆ. ಎತ್ತರ ಇಳೀತಿದೆ ಅಂತ ಯೋಕ್ ಎಳೀತಾನೆ, ಸುರುಳಿ ಇನ್ನೂ ಬಿಗಿಯಾಗುತ್ತೆ. ಅಲ್ಲಿ ಕ್ರಮ ಒಂದೇ: ಥ್ರಾಟಲ್ ಮುಚ್ಚಿ, ರೆಕ್ಕೆ ಮಟ್ಟ ಮಾಡಿ, ಅದಾದ ಮೇಲಷ್ಟೇ ಮೆಲ್ಲಗೆ ಎಳೆಯಿರಿ.

1954ರ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಮೀಟರ್ ನೋಡಿ ಹಾರೋ ತರಬೇತಿ ಇಲ್ಲದ 20 ಜನರೂ ಹೊರಗೆ ಕಾಣದ ಸ್ಥಿತಿಯಲ್ಲಿ ಹತೋಟಿ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಎಲ್ಲರೂ ಹೇಳೋ ‘178 ಸೆಕೆಂಡು’ ಬಂದಿದ್ದು ಇಲ್ಲಿಂದ. ಸರಾಸರಿ ನೆಚ್ಚಬೇಡಿ, ಒಬ್ಬರಿಗೆ ಸಿಕ್ಕಿದ್ದು 20 ಸೆಕೆಂಡು.

ಘಟ್ಟದಾಚೆ: ಇಳಿಯೋ ವಿಚಾರ: ಕೆಳಗೆ ಏನಿದೆ ಅಂತ ಗೊತ್ತಿಲ್ಲದೆ ಬೇಡ್ರೀ. ಮುಳ್ಳಯ್ಯನಗಿರಿಯೇ 1,930 ಮೀಟರ್, ಸುಮಾರು 6,330 ಅಡಿ. ಮಳೆಗಾಲದಲ್ಲಿ ಘಟ್ಟದ ಮೋಡ ಗುಡ್ಡಕ್ಕೇ ಅಂಟಿಕೊಂಡಿರುತ್ತೆ, ತಳ ಅನ್ನೋದೇ ಇರಲ್ಲ. ತಿರುಗೋದೂ ಗುಡ್ಡ ಇಲ್ಲದ ಕಡೆಗೇ. ಎರಡೂ ಕಡೆ ಗುಡ್ಡ ಇದ್ದರೆ ರೆಕ್ಕೆ ಮಟ್ಟ, ಫುಲ್ ಪವರ್, 75–80 ನಾಟ್‌ನಲ್ಲಿ ನೇರ ಏರಿ.

ರೇಡಿಯೊ ಆಮೇಲೆ, ಆದರೆ ಮುಚ್ಚುಮರೆ ಬೇಡ. ‘ವಿಎಫ್ಆರ್ ಪೈಲಟ್, ಮೋಡದಲ್ಲಿದ್ದೀನಿ’ ಅಂತ ನೇರ ಹೇಳಿ (ವಿಎಫ್ಆರ್ ಅಂದರೆ ಹೊರಗೆ ಕಣ್ಣಲ್ಲಿ ನೋಡಿ ಹಾರೋದು). ಮಾತಾಡ್ತಿದ್ದ ಫ್ರೀಕ್ವೆನ್ಸಿ ಸಿಗದಿದ್ದರೆ ತುರ್ತು ಫ್ರೀಕ್ವೆನ್ಸಿ 121.5, ಟ್ರಾನ್ಸ್‌ಪಾಂಡರ್‌ನಲ್ಲಿ (ರಾಡಾರ್‌ಗೆ ಗುರುತು ಕಳಿಸೋ ಯಂತ್ರ) ತುರ್ತು ಕೋಡ್ 7700.

ಹೊಸರೆಕ್ಕೆ: ಈ ಮೀಟರ್‌ಗಳನ್ನು ಓಡಿಸೋ ವ್ಯಾಕ್ಯೂಮ್ ಪಂಪೇ ಕೆಟ್ಟಿದ್ದರೆ?

ಗಾಳಿಕೋಳಿ: ಆಟಿಟ್ಯೂಡ್, ಹೆಡಿಂಗ್ ಎರಡೂ ಮೆಲ್ಲಗೆ ಸುಳ್ಳು ಹೇಳೋಕೆ ಶುರುಮಾಡ್ತವೆ. ಪಂಪಿನ ಸೆಳೆತ ತೋರಿಸೋ ಸಕ್ಷನ್ ಗೇಜ್ ನೋಡಿ. ಟರ್ನ್ ಕೋಆರ್ಡಿನೇಟರ್ (ತಿರುಗೋ ವೇಗ ತೋರಿಸೋ ಮೀಟರ್) ಕರೆಂಟಿನದು, ಓಡ್ತಿರುತ್ತೆ. ಅದರ ಪುಟ್ಟ ವಿಮಾನದ ರೆಕ್ಕೆ ಸೆಕೆಂಡಿಗೆ 3 ಡಿಗ್ರಿಯ ಗುರುತಿಗೆ ತಾಗಿಸಿ, ಗಡಿಯಾರದಲ್ಲಿ 60 ಸೆಕೆಂಡು ಎಣಿಸಿ, ಮಟ್ಟ ಮಾಡಿ. ದಿಕ್ಸೂಚಿ ತೂಗಾಡೋದು ನಿಂತ ಮೇಲೆ ಓದಿ.