ಜಪಾನಿನ ಅಲೆಯ ದಾಖಲೆಯಿಂದ ಅಮೆರಿಕದ ಸ್ತರಭಂಗವನ್ನು ಅಳೆದದ್ದು ಹೇಗೆ?

ಪ್ರಶ್ನೆ:
1700ರ ಜನವರಿ 26ರ ರಾತ್ರಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಸ್ಕೇಡಿಯಾದಲ್ಲಿ ಸುಮಾರು 9ರ ಪ್ರಮಾಣದ ಭೂಕಂಪವಾಯಿತೆಂದು ಓದಿದೆ. ಆ ಕರಾವಳಿಯಲ್ಲಿ ಅದನ್ನು ಬರೆದಿಟ್ಟವರಿಲ್ಲ. ದಿನವೂ ಪ್ರಮಾಣವೂ ತಿಳಿದದ್ದು, ಅದರಿಂದೆದ್ದ ಸುನಾಮಿ ಅಲೆ ಮುಟ್ಟಿದ ಜಪಾನಿನ ಊರುಗಳ ದಾಖಲೆಗಳಿಂದಂತೆ. ದಿನ ಗೊತ್ತಾದದ್ದು ಸರಿ. ಆದರೆ ದಡಕ್ಕೆ ಬಂದ ನೀರಿನ ಎತ್ತರವೊಂದರಿಂದಲೇ, ಸ್ತರಭಂಗ (ನೆಲದಾಳದಲ್ಲಿ ಬಂಡೆಗಳು ಸರಿಯುವ ಬಿರುಕು) ಎಷ್ಟು ಉದ್ದಕ್ಕೆ ಬಿರಿಯಿತು, ಎಷ್ಟು ಮೀಟರ್ ಸರಿಯಿತು ಎಂಬೆರಡನ್ನೂ ಹೇಗೆ ಹೇಳುತ್ತಾರೆ? ಉದ್ದ ಕಡಿಮೆಯಾಗಿ ಸರಿತ ಹೆಚ್ಚಾಗಿದ್ದರೂ ಅಷ್ಟೇ ದೊಡ್ಡ ಅಲೆ ಏಳಬಹುದಲ್ಲವೇ?

ಉತ್ತರ 1:
ತಮ್ಮ ಅನುಮಾನ ಸರಿಯಾದದ್ದೇ. ಆ ದಾಖಲೆಗಳು ಮಾತ್ರ ಇದ್ದಿದ್ದರೆ ಎರಡನ್ನೂ ಬಿಡಿಸಲು ಆಗುತ್ತಿರಲಿಲ್ಲ. ಜಪಾನಿನ ಕುವಗಾಸಾಕಿಯಲ್ಲಿ ನಡುರಾತ್ರಿ ನುಗ್ಗಿದ ನೀರಿಗೆ 13 ಮನೆಗಳು ಹೋದವು, ಆಗ ಹತ್ತಿದ ಬೆಂಕಿಯಲ್ಲಿ ಇನ್ನೂ 20 ಮನೆಗಳು ಸುಟ್ಟವು. ಮಿಹೊ ಎಂಬ ಹಳ್ಳಿಯ ಮುಖಂಡನಂತೂ ನೆಲ ನಡುಗದೆಯೇ ಸಮುದ್ರ ಹೀಗೇಕೆ ಉಕ್ಕಿತೆಂದು ಅಚ್ಚರಿಪಟ್ಟು ಬರೆದಿದ್ದಾನೆ. ಇಂಥ ವಿವರಗಳಿಂದ ಅಲೆಯ ಎತ್ತರ 1ರಿಂದ 5 ಮೀಟರ್ ಇದ್ದಿರಬೇಕೆಂದು ಅಂದಾಜಿಸಿದರು. ಉದ್ದದ ಸುಳಿವು ಸಿಕ್ಕಿದ್ದು ಅಮೆರಿಕದ ನೆಲದಲ್ಲೇ. ವಾಷಿಂಗ್ಟನ್ ರಾಜ್ಯದ ಕೊಪಾಲಿಸ್ ನದಿಯ ದಂಡೆ ಕುಸಿದು ಉಪ್ಪುನೀರು ಹೊಕ್ಕು, ಅಲ್ಲಿನ ಸೀಡರ್ ಮರಗಳು ನಿಂತಲ್ಲೇ ಸತ್ತವು. ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ ಬಳೆಗಳಲ್ಲಿ, ಅಂಥ ಮರಗಳ ಕೊನೆಯ ಬಳೆ 1699ರದು. ಹೀಗೆ ಕುಸಿದ ಜೌಗುನೆಲ ವ್ಯಾಂಕೂವರ್ ದ್ವೀಪದಿಂದ ಉತ್ತರ ಕ್ಯಾಲಿಫೋರ್ನಿಯಾದವರೆಗೆ ಕಾಣಸಿಗುತ್ತದೆ. ಆ ಉದ್ದವನ್ನಿಟ್ಟುಕೊಂಡು, ಜಪಾನಿನಲ್ಲಿ ಅಷ್ಟು ಎತ್ತರ ಬರಬೇಕಾದರೆ ಎಷ್ಟು ಸರಿದಿರಬೇಕೆಂದು ಲೆಕ್ಕಹಾಕಿದ ಜಪಾನಿನ ಭೂಕಂಪಶಾಸ್ತ್ರಜ್ಞ ಕೆಂಜಿ ಸತಾಕೆ ಮತ್ತು ಸಂಗಡಿಗರು, 2003ರಲ್ಲಿ 1100 ಕಿ.ಮೀ. ಉದ್ದ, 19 ಮೀಟರ್ ಸರಿತ, 9.0 ಪ್ರಮಾಣ ಎಂಬ ಅಂದಾಜಿಗೆ ಬಂದರು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆದರೆ ಆ ನೆಲವೆಲ್ಲ ಒಂದೇ ರಾತ್ರಿ ಕುಸಿಯಿತೆಂದು ಹೇಗೆ ನಂಬುವುದು?

ಉತ್ತರ 2:
ಇದು ಈಗಲೂ ಪೂರ್ತಿ ಬಗೆಹರಿದಿಲ್ಲ. ಕೆಲವು ವರ್ಷಗಳ ಅಂತರದ ಎರಡು ಕುಸಿತಗಳನ್ನು ಇಂಗಾಲದ ಕಾಲಗಣನೆ ಬೇರ್ಪಡಿಸಲಾರದು. ಒಂದು ಮಹಾಕಂಪದ ಜೊತೆಗೆ ಸಣ್ಣ ಕಂಪಗಳೂ ಸರಣಿಯಾಗಿ ಆಗಿದ್ದರೂ ಸಾಕ್ಷ್ಯಕ್ಕೆ ವಿರೋಧವಿಲ್ಲವೆಂದು 2021ರ ಅಧ್ಯಯನವೊಂದು ವಾದಿಸಿದೆ; ಸಣ್ಣ ಅಲೆ ಜಪಾನನ್ನು ಮುಟ್ಟಿದರೂ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ನನಗೆ ಈ ವಾದ ತಳ್ಳಿಹಾಕುವಂಥದ್ದಾಗಿ ಕಾಣುವುದಿಲ್ಲ.

ಬರೆಹಗಳ ಬದಲು ಅಲೆಯ ಏರಿಳಿತವನ್ನು ಉಪಕರಣವೇ ಗೆರೆಯಾಗಿ ದಾಖಲಿಸಿದ್ದರೆ ಕೆಲಸ ಎಷ್ಟೋ ಹಗುರ. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಆದ ಭೂಕಂಪದಿಂದ ಎದ್ದ ಅಲೆ ಬಂಗಾಳ ಕೊಲ್ಲಿಯ ಸುತ್ತ ಎಂಟು ಉಬ್ಬರವಿಳಿತ ಮಾಪಕಗಳಲ್ಲಿ ದಾಖಲಾಯಿತು. ಇಂಥ ಮಾಪಕದಲ್ಲಿ ಬೆಂಡು ನೀರಿನೊಡನೆ ಏರಿಳಿದಂತೆ, ಗಡಿಯಾರದ ಬಲದಿಂದ ತಿರುಗುವ ಉರುಳೆಯ ಕಾಗದದ ಮೇಲೆ ಗೆರೆ ಮೂಡುತ್ತದೆ. ಅಲೆ ಒಂದು ಮೀಟರಿಗಿಂತ ಚಿಕ್ಕದೇ ಆಗಿತ್ತು. ಆದರೂ ಸುನಾಮಿಯ ವೇಗ ನೀರಿನ ಆಳವನ್ನು ಅವಲಂಬಿಸಿರುವುದರಿಂದ, ಅದು ಎಂಟು ಕಡೆ ಮುಟ್ಟಿದ ಹೊತ್ತನ್ನು ಹಿಂದಕ್ಕೆ ಎಣಿಸಿದರೆ ಮೂಲದ ಅಂಚು ಸಿಗುತ್ತದೆ. ನೀರು ಮೊದಲು ಏರಿತೋ ಇಳಿಯಿತೋ ಎಂಬುದು ಕಡಲತಳ ಎಲ್ಲಿ ಎದ್ದಿತು, ಎಲ್ಲಿ ಕುಗ್ಗಿತು ಎಂಬುದನ್ನು ತೋರಿಸುತ್ತದೆ. 2003ರಲ್ಲಿ ಓರ್ಟಿಜ್ ಮತ್ತು ಬಿಲ್‌ಹ್ಯಾಮ್ ಎಂಬ ಸಂಶೋಧಕರು ಆ ಗೆರೆಗಳಿಂದಲೇ ಆ ಭೂಕಂಪದ ಪ್ರಮಾಣ ಸುಮಾರು 7.9 ಎಂದು ಕಂಡುಕೊಂಡರು.