ಮುಚ್ಚಿಹೋದ ಸುರಂಗ ನಿಲ್ದಾಣದ ಒಳಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಪ್ರಶ್ನೆ

ಬರುವ ಬೇಸಿಗೆಯಲ್ಲಿ ಅಪ್ಪ ಮತ್ತು ಮಗಳ ಜೊತೆ ಎರಡು ವಾರ ಲಂಡನ್‌ನಲ್ಲಿ ಇರುತ್ತೇನೆ. ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತು ವರ್ಷ ಇದ್ದವರು. ಅಲ್ಲಿ ಮುಚ್ಚಿಹೋದ ಸುರಂಗ ರೈಲು ನಿಲ್ದಾಣಗಳ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ ಅಂತ ಕೇಳಿದಾಗಿನಿಂದ ಅವರಿಗೆ ಅದೇ ಧ್ಯಾನ. ಆದರೆ ಅವರಿಗೆ ಮೊಣಕಾಲು ನೋವು. ಮಗಳಿಗೆ ಎಂಟು ವರ್ಷ. ಯಾವುದನ್ನು ನೋಡಬಹುದು, ಯಾವುದನ್ನು ಬಿಡಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ

ಮೊದಲು ಟಿಕೆಟ್ ವಿಷಯ ಹೇಳಿಬಿಡುತ್ತೇನೆ. ನಾನು ಒಂದು ಸಲ ಅವಕಾಶ ತಪ್ಪಿಸಿಕೊಂಡಿದ್ದು ಅಲ್ಲೇ. ಈ ಪ್ರವಾಸಗಳನ್ನು ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ‘ಹಿಡನ್ ಲಂಡನ್’ ಅನ್ನೋ ಹೆಸರಿನಲ್ಲಿ ನಡೆಸುತ್ತದೆ. ಎಲ್ಲ ಜಾಗವೂ ವರ್ಷವಿಡೀ ತೆರೆದಿರುವುದಿಲ್ಲ. ದಿನಾಂಕಗಳನ್ನು ಒಟ್ಟಿಗೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತವೆ. ಮ್ಯೂಸಿಯಂನ ಇಮೇಲ್ ಪಟ್ಟಿಗೆ ಈಗಲೇ ಸೇರಿಕೊಳ್ಳಿ. ಊರು ತಲುಪಿದ ಮೇಲೆ ನೋಡೋಣ ಅಂದುಕೊಂಡರೆ ಸಿಗೋದು ಕಷ್ಟ.

ನಾನು ನೋಡಿದ್ದು ಆಲ್ಡ್‌ವಿಚ್. 1907ರಲ್ಲಿ ಸ್ಟ್ರ್ಯಾಂಡ್ ಅನ್ನೋ ಹೆಸರಿನಲ್ಲಿ ಶುರುವಾಗಿ, 1994ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದ ನಿಲ್ದಾಣ. ಹೋಬರ್ನ್ ನಿಲ್ದಾಣದಿಂದ ಇಲ್ಲಿಗೆ ಬಂದು ವಾಪಸ್ ಹೋಗುವ ಪುಟ್ಟ ಕವಲು ದಾರಿ ಅಷ್ಟೆ. ಕೊನೆಕೊನೆಗೆ ದಿನಕ್ಕೆ ಸುಮಾರು 450 ಜನ ಮಾತ್ರ ಬಳಸುತ್ತಿದ್ದರು. ಹಳೆಯ ಲಿಫ್ಟ್ ಬದಲಿಸೋಕೆ ಸುಮಾರು 30 ಲಕ್ಷ ಪೌಂಡ್ ಬೇಕಿತ್ತು. ಲೆಕ್ಕ ಕೂಡಲಿಲ್ಲ, ನಿಲ್ದಾಣವನ್ನೇ ಮುಚ್ಚಿದರು. ಆ ಲಿಫ್ಟ್ ಇನ್ನೂ ಅಲ್ಲೇ ನಿಂತಿದೆ, ಮರದ ದೊಡ್ಡ ಪೆಟ್ಟಿಗೆಯ ಹಾಗೆ. ಅದರ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಮ್ಯೂಸಿಯಂನ ಅಮೂಲ್ಯ ವಸ್ತುಗಳನ್ನು ಬಚ್ಚಿಟ್ಟಿದ್ದು ಇದೇ ಸುರಂಗದಲ್ಲಿ. ಬಾಂಬಿಗೆ ಹೆದರಿ ಜನ ಬಂದು ಮಲಗುತ್ತಿದ್ದದ್ದೂ ಇಲ್ಲೇ.

ಅದಕ್ಕೇ ನನ್ನದು ಒಂದೇ ಸಲಹೆ. ಯಾವ ಜಾಗಕ್ಕೆ ಹೋದರೂ ‘ಇದು ಯಾಕೆ ಮುಚ್ಚಿತು’ ಅನ್ನೋದನ್ನು ಓದಿಕೊಂಡು ಹೋಗಿ. ಇಲ್ಲದಿದ್ದರೆ ಕೆಳಗೆ ಬರೀ ಟೈಲ್ಸ್, ಧೂಳು ಅಷ್ಟೇ ಕಾಣುತ್ತೆ.

ಉತ್ತರ

ಮೊಣಕಾಲು ನೋವು ಅಂದಿದ್ದೀರಿ, ಅದರ ಬಗ್ಗೆ ಬಿಡಿಸಿ ಹೇಳುತ್ತೇನೆ. ನನ್ನ ಅಮ್ಮನನ್ನು ಕ್ಲಾಪಮ್ ಸೌತ್‌ಗೆ ಕರೆದುಕೊಂಡು ಹೋಗಿದ್ದೆ. ಅದು ನಿಲ್ದಾಣ ಅಲ್ಲ. ಯುದ್ಧದ ಕಾಲದಲ್ಲಿ ಟ್ಯೂಬ್ (ಲಂಡನ್‌ನ ಸುರಂಗ ರೈಲು) ಸುರಂಗಕ್ಕಿಂತ ಕೆಳಗೆ ಕೊರೆದ ಆಶ್ರಯತಾಣ. ಇಂಥವು ಲಂಡನ್‌ನಲ್ಲಿ ಎಂಟು ಇವೆ. ಒಂದೊಂದರಲ್ಲಿ 8,000 ಜನ ಮಲಗಬಹುದಿತ್ತು. ಕೆಳಗೆ ಹೋಗೋದು ಸುತ್ತು ಮೆಟ್ಟಿಲಿನಲ್ಲಿ, ನೂರಕ್ಕೂ ಜಾಸ್ತಿ. ಹತ್ತೋದಕ್ಕಿಂತ ಇಳಿಯೋದೇ ಅಮ್ಮನ ಮಂಡಿಗೆ ಜಾಸ್ತಿ ನೋವು ಕೊಟ್ಟಿತು. ಅರ್ಧಕ್ಕೆ ನಿಂತರೆ ಹಿಂದೆ ಬರುವವರಿಗೂ ದಾರಿ ಇಲ್ಲ. ಕೆಳಗೆ ತಲುಪಿದ ಮೇಲೂ ಉದ್ದಕ್ಕೆ ನಡೆಯಬೇಕು. ನಿಮ್ಮ ತಂದೆಯವರಿಗೆ ಒಂದೇ ಸಲಕ್ಕೆ ಅಷ್ಟು ಮೆಟ್ಟಿಲು ಇಳಿಯೋಕೆ ಆಗುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಆಗೋದಿಲ್ಲ ಅಂದರೆ ಇದನ್ನು ಬಿಟ್ಟುಬಿಡಿ, ಬೇಜಾರು ಬೇಡ.

ಇಳಿಯೋಕೆ ಆಗುತ್ತೆ ಅಂದರೆ, ಖಂಡಿತ ನೋಡಿ. ಕಬ್ಬಿಣದ ಮಂಚಗಳು ಸಾಲಾಗಿ ಹಾಗೇ ಇವೆ. ಗೋಡೆಯ ಮೇಲೆ ಅಲ್ಲಿ ಮಲಗಿದವರು ಗೀಚಿದ ಬರಹ ಕಾಣುತ್ತೆ. 1948ರಲ್ಲಿ ವಿಂಡ್‌ರಷ್ ಹಡಗಿನಲ್ಲಿ ಕೆರಿಬಿಯನ್‌ನಿಂದ ಬಂದವರಲ್ಲಿ ಉಳಿಯಲು ಜಾಗ ಇಲ್ಲದವರನ್ನು ಮೊದಲ ರಾತ್ರಿಗಳಲ್ಲಿ ಇಲ್ಲೇ ಇರಿಸಿದ್ದರು. ಸಮುದ್ರ ದಾಟಿ ಬಂದು, ಹೊಸ ದೇಶದ ಮೊದಲ ನಿದ್ದೆ ನೆಲದಡಿಯಲ್ಲಿ. ಅಮ್ಮ ಒಂದು ಮಂಚದ ಅಂಚನ್ನು ಮುಟ್ಟಿ ಸುಮ್ನೆ ನಿಂತುಬಿಟ್ಟರು.

ಇನ್ನೊಂದು ಮಾತು, ಮುಂದೆ ಮುಚ್ಚಿರುವ, ಚಪ್ಪಟೆ ಅಡಿಯ ಶೂ ಹಾಕಿಸಿ. ಬೇರೊಂದು ಊರಿನ ಇಂಥದೇ ಪ್ರವಾಸದಲ್ಲಿ ನಾನು ಸ್ಯಾಂಡಲ್ ಹಾಕಿಕೊಂಡು ಹೋಗಿ ಬಾಗಿಲಿನಿಂದಲೇ ವಾಪಸ್ ಬಂದೆ. ದುಡ್ಡು ವಾಪಸ್ ಬರಲಿಲ್ಲ. ಚಿಕ್ಕ ಮಕ್ಕಳನ್ನೂ ಬಹಳಷ್ಟು ಕಡೆ ಬಿಡುವುದಿಲ್ಲ. ದುಡ್ಡು ಕಟ್ಟುವ ಮೊದಲೇ ವಯಸ್ಸಿನ ಮಿತಿ ನೋಡಿಕೊಳ್ಳಿ.

ಉತ್ತರ

ಮೇಲಿನವರು ಹೇಳಿದ್ದು ಸರಿ. ಹಾಗಾಗಿ ನಿಮ್ಮ ಮಗಳಿಗೆ ಮೇಲ್ ರೈಲ್! ಇದು ಪೋಸ್ಟಲ್ ಮ್ಯೂಸಿಯಂನದು. ಜನರಿಗಲ್ಲ, ಬರೀ ಟಪಾಲು ಚೀಲಕ್ಕೆ ಅಂತ ನೆಲದಡಿ ಹಾಕಿದ ರೈಲು. ಪ್ಯಾಡಿಂಗ್ಟನ್‌ನಿಂದ ವೈಟ್‌ಚಾಪಲ್‌ವರೆಗೆ ಆರೂವರೆ ಮೈಲಿ, ಹಳಿಯ ಅಗಲ ಬರೀ ಎರಡು ಅಡಿ. 1927ರಿಂದ 2003ರವರೆಗೆ ಓಡಿತು. ಚಾಲಕರೇ ಇರಲಿಲ್ಲ, ಎಲ್ಲ ದೂರದಿಂದಲೇ ನಿಯಂತ್ರಣ. ನಿಮ್ಮ ತಂದೆಯವರಿಗೆ ಇದು ಇಷ್ಟವಾಗದೆ ಇರೋದೇ ಇಲ್ಲ, ಅಲ್ವಾ?

2017ರಿಂದ ಪುಟ್ಟ ರೈಲಿನಲ್ಲಿ ಕೂರಿಸಿ ಆ ಸುರಂಗದಲ್ಲಿ ಸುಮಾರು ಕಾಲು ಗಂಟೆ ಸುತ್ತಿಸುತ್ತಾರೆ. ಡಬ್ಬಿ ತುಂಬಾ ಇಕ್ಕಟ್ಟು, ತಗ್ಗು. ಮಂಡಿ ಮಡಚಿ ಕೂರಬೇಕು. ಅದು ಆಗದವರಿಗೆ ಅದೇ ಪ್ರಯಾಣದ ಚಿತ್ರವನ್ನು ತೋರಿಸುತ್ತಾರೆ, ಆದರೆ ಕೂತು ಹೋಗೋದೇ ಬೇರೆ. ನನ್ನ ಮಗ ಇಳಿದ ಕೂಡಲೇ ‘ಇನ್ನೊಂದು ಸಲ’ ಅಂದ.

ಉತ್ತರ

ಸಿಗ್ನಲ್ ಕೆಲಸ ಮಾಡಿದವರು ಅಂದರೆ ನಾನು ಡೌನ್ ಸ್ಟ್ರೀಟ್ ಅನ್ನುತ್ತೇನೆ, ಮೆಟ್ಟಿಲು ಇದ್ದರೂ. 1907ರಿಂದ 1932ರವರೆಗೆ ಇದ್ದ ನಿಲ್ದಾಣ. ಅಕ್ಕಪಕ್ಕದ ನಿಲ್ದಾಣಗಳು ತೀರ ಹತ್ತಿರ, ಸುತ್ತಲಿನವರು ಶ್ರೀಮಂತರು, ಟ್ಯೂಬ್ ಹತ್ತುತ್ತಲೇ ಇರಲಿಲ್ಲ. ಯುದ್ಧ ಬಂದಾಗ ದೇಶದ ರೈಲುಗಳನ್ನೆಲ್ಲ ಸಂಭಾಳಿಸುವ ಸಮಿತಿ ಇಲ್ಲಿ ಕಚೇರಿ ಮಾಡಿತು. 1940ರಲ್ಲಿ ಚರ್ಚಿಲ್ ಕೂಡ ಕೆಲವು ರಾತ್ರಿ ಇಲ್ಲೇ ಉಳಿದಿದ್ದರು. ಪಕ್ಕದಲ್ಲೇ ಪಿಕಡಿಲಿ ಮಾರ್ಗದ ರೈಲು ಈಗಲೂ ಓಡುತ್ತೆ. ಮೊದಲು ಗಾಳಿ ಬರುತ್ತೆ. ಕಿವಿಯ ಹತ್ತಿರ ಒತ್ತಿದ ಹಾಗೆ. ಆಮೇಲೆ ಸದ್ದು. ಟಾರ್ಚ್ ಹಿಡಿದ ಎಲ್ಲರೂ ಒಮ್ಮೆಲೇ ಮಾತು ನಿಲ್ಲಿಸಿದೆವು. ರೈಲಿನಲ್ಲಿ ಕೂತವರಿಗೆ ನಾವು ಇಲ್ಲಿರೋದು ಗೊತ್ತೇ ಇಲ್ಲ.

ಮುಂದೆ ಎಂದಾದರೂ ಮ್ಯಾಡ್ರಿಡ್‌ಗೆ ಹೋದರೆ ಚಂಬೇರಿ ನಿಲ್ದಾಣ ನೋಡಿ, ಪ್ರವೇಶ ಉಚಿತ. ರೈಲು ಉದ್ದವಾದಾಗ ತಿರುವಿನಲ್ಲಿದ್ದ ಪ್ಲಾಟ್‌ಫಾರ್ಮ್ ಉದ್ದ ಮಾಡೋಕೆ ಆಗದೆ 1966ರಲ್ಲಿ ಮುಚ್ಚಿದರು. ಟೈಲ್ಸ್ ಮೇಲಿನ ಹಳೆಯ ಜಾಹೀರಾತುಗಳು ಹಾಗೇ ಉಳಿದಿವೆ. ನ್ಯೂಯಾರ್ಕ್‌ನ ಸಿಟಿ ಹಾಲ್ ನಿಲ್ದಾಣ ಮುಚ್ಚಿದ್ದಕ್ಕೂ ತಿರುವೇ ಒಂದು ದೊಡ್ಡ ಕಾರಣ. ಅದರ ಒಳಗೆ ಹೋಗಬೇಕಾದರೆ ಅಲ್ಲಿನ ಟ್ರಾನ್ಸಿಟ್ ಮ್ಯೂಸಿಯಂನ ಸದಸ್ಯರಾಗಿರಬೇಕು.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಉತ್ತರಗಳನ್ನು ಅಪ್ಪನಿಗೆ ಜೋರಾಗಿ ಓದಿ ಹೇಳಿದೆ. ಚಾಲಕರಿಲ್ಲದ ಟಪಾಲು ರೈಲು ಅಂದ ಕೂಡಲೇ ಎದ್ದು ಕೂತರು. ಮೇಲ್ ರೈಲ್‌ಗೆ ಮೂವರೂ ಹೋಗುತ್ತೇವೆ. ಕ್ಲಾಪಮ್ ಬಿಟ್ಟೆವು. ಡೌನ್ ಸ್ಟ್ರೀಟ್ ಬಿಡೋಕೆ ಮಾತ್ರ ಅವರು ಒಪ್ಪುತ್ತಿಲ್ಲ. ವೈದ್ಯರನ್ನು ಕೇಳಿ ಬಂದು, ನಿನ್ನೆಯಿಂದ ದಿನಾ ಸಂಜೆ ಮನೆಯ ಮೆಟ್ಟಿಲನ್ನು ನಿಧಾನಕ್ಕೆ ಹತ್ತಿ ಇಳಿಯುತ್ತಿದ್ದಾರೆ. ಡೌನ್ ಸ್ಟ್ರೀಟ್‌ನಲ್ಲಿ ಮಧ್ಯೆ ಕೂರೋಕೆ ಎಲ್ಲಾದರೂ ಜಾಗ ಇದೆಯಾ, ಗೊತ್ತಿದ್ದವರು ತಿಳಿಸಿ.