ಅಸೂಯೆ ಇದೆ ಅಂತ ಒಪ್ಕೊಂಡ್ರೆ ಸಾಧನೆ ಬಿಟ್ಟಂಗಾ?

ಕೇಳುಗ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಕೆಲವು ವರ್ಷದಿಂದ ಜಪ, ಧ್ಯಾನ ಮಾಡ್ಕೊಂಡು ಬಂದಿದೀನಿ. ಮೊದ್ಲಿದ್ದಷ್ಟು ಚಡಪಡಿಕೆ ಇಲ್ಲ, ಸಿಟ್ಟು ಎಷ್ಟೋ ಕಮ್ಮಿ ಆಗಿದೆ ಅಂತ ಮನೆಯವ್ರೇ ಹೇಳ್ತಾರೆ. ಆದ್ರೆ ಅಸೂಯೆ ಮಾತ್ರ ಜಾಗ ಬಿಟ್ಟು ಅಲ್ಲಾಡಿಲ್ಲ. ಜೊತೇಲಿ ಕೆಲ್ಸ ಮಾಡೋರಿಗೆ ಪ್ರಮೋಷನ್ ಆಯ್ತು ಅಂತ ಗೊತ್ತಾದ್ರೆ ಬಾಯಲ್ಲಿ 'ತುಂಬಾ ಖುಷಿ ಆಯ್ತು' ಅಂತೀನಿ, ಒಳಗಡೆ ಹೊಟ್ಟೆಕಿಚ್ಚು ಶುರು ಆಗಿರತ್ತೆ, ಅದಾದ್ಮೇಲೆ ಅದಕ್ಕಿಂತ ಕೆಟ್ಟದ್ದು ಇನ್ನೊಂದು, ಇಷ್ಟೆಲ್ಲಾ ಕೂತು ಧ್ಯಾನ ಮಾಡಿ ಕೊನೆಗೂ ಇದೇನಾ ನೀನು ಅಂತ ನನ್ನನ್ನ ನಾನೇ ಬೈಕೊಳ್ಳೋದು, ಅದು ದಿನಗಟ್ಲೆ ಬಿಡಲ್ಲ.

ಈಗ ಯಾರ ಪ್ರವಚನ ಕೇಳಿದ್ರೂ ನಿಮ್ಮ ಕೊರತೆಗಳನ್ನ ಒಪ್ಕೊಳ್ಳಿ, ಅದೂ ದಾರಿಯ ಭಾಗಾನೇ ಅಂತಾರೆ. ಆದ್ರೆ ನಾವು ಚಿಕ್ಕಂದಿನಿಂದ ಕೇಳಿದ್ದು ಕಾಮ ಕ್ರೋಧ ಲೋಭ ಮೋಹ ಮದ ಮಾತ್ಸರ್ಯ, ಆರೂ ಶತ್ರುಗಳು, ಗೆಲ್ಲಬೇಕು ಅಂತ. ಶತ್ರುನ ಒಪ್ಕೊಳ್ಳೋದು ಹೆಂಗೆ? ಒಪ್ಕೊಂಡೆ ಅಂದ ತಕ್ಷಣ ಅದಕ್ಕೆ ಖಾಯಂ ಜಾಗ ಕೊಟ್ಟಂಗೆ ಆಗಲ್ವಾ? ನಿಜವಾಗ್ಲೂ ಅರ್ಥ ಆಗ್ತಿಲ್ಲ, ದಾರಿ ತಿಳಿದೋರು ಹೇಳಿ.

ತಿಳಿನೀರು

ಕೇಳುಗ ಅವ್ರೇ, ಗೀತೆಯ ಮೂರನೇ ಅಧ್ಯಾಯದಲ್ಲಿ 33 ಮತ್ತೆ 34ನೇ ಶ್ಲೋಕ ಒಟ್ಟಿಗೆ ಓದಿ, ದಯವಿಟ್ಟು ಒಟ್ಟಿಗೇ ಓದಿ. 33ರಲ್ಲಿ ಜ್ಞಾನಿ ಆದವ್ನೂ ತನ್ನ ಪ್ರಕೃತಿ ಹೆಂಗಿದ್ಯೋ ಹಂಗೇ ನಡ್ಕೋತಾನೆ, ನಿಗ್ರಹ ಏನು ಮಾಡೀತು ಅಂತ ಕೃಷ್ಣನೇ ಕೇಳ್ತಾನೆ. ಅಲ್ಲಿಗೇ ನಿಲ್ಲಿಸಿಬಿಟ್ರೆ ಕೈ ಚೆಲ್ಲಿ ಕೂರೋದೇ ಸರಿ ಅನ್ಸತ್ತೆ. ಆದ್ರೆ ಮುಂದಿನ ಶ್ಲೋಕದಲ್ಲೇ ರಾಗ ದ್ವೇಷ ಇಂದ್ರಿಯಗಳಲ್ಲಿ ಇದ್ದೇ ಇರತ್ತೆ, ಅವುಗಳ ವಶ ಆಗಬೇಡ, ದಾರಿಗೆ ಅಡ್ಡ ಬರೋ ವೈರಿಗಳು ಅವು ಅಂತಾನೆ. ನೋಡಿ, ವೈರಿ ಅನ್ನೋದನ್ನೂ ಬಿಟ್ಟಿಲ್ಲ, ಅವು ಇರತ್ತೆ ಅನ್ನೋದನ್ನೂ ಮುಚ್ಚಿಟ್ಟಿಲ್ಲ. ಇರೋದು ಬೇರೆ, ವಶ ಆಗೋದು ಬೇರೆ. ನೀವು ಇಷ್ಟು ದಿನ ಹೋರಾಡ್ತಾ ಇರೋದು ಅಸೂಯೆ ಯಾಕಾದ್ರೂ ಇದೆ ಅನ್ನೋದರ ಜೊತೆ, ಅಲ್ಲಿ ಗೆಲುವಿಲ್ಲ.

ಬುದ್ಧನ ಸತಿಪಟ್ಠಾನ ಉಪದೇಶದಲ್ಲೂ, ಅಂದ್ರೆ ಮೈ ಮನಸ್ಸನ್ನ ಎಚ್ಚರದಿಂದ ಗಮನಿಸೋದನ್ನ ಹೇಳ್ಕೊಡೋ ಉಪದೇಶದಲ್ಲೂ, ಇದೇ ಇದೆ. ದ್ವೇಷ ಇರೋ ಚಿತ್ತವನ್ನ ದ್ವೇಷ ಇರೋ ಚಿತ್ತ ಅಂತಾನೇ ತಿಳ್ಕೋ, ದ್ವೇಷ ಇಲ್ಲದ್ದನ್ನ ಇಲ್ಲ ಅಂತ ತಿಳ್ಕೋ, ಅಷ್ಟೇ. 'ಛೇ ನನಗೆ ಹಿಂಗಾಯ್ತಲ್ಲ' ಅನ್ನೋ ಸಾಲು ಅದರಲ್ಲಿ ಇಲ್ಲವೇ ಇಲ್ಲ, ಅದನ್ನ ಸೇರಿಸೋರು ನಾವು. ನನ್ನ ಮಟ್ಟಿಗೆ ಒಪ್ಕೊಳ್ಳೋದು ಅಂದ್ರೆ ಆ ಸೇರಿಸಿದ್ದನ್ನ ಬಿಡೋದು. ಯಾಕಂದ್ರೆ ಆ ಬೈಗುಳದಲ್ಲಿ ಇನ್ನೊಂದು ಅಹಂಕಾರ ಇದೆ, ನನ್ನಂಥ ಸಾಧಕನಿಗೆ ಇದು ಬರಬಾರದಿತ್ತು ಅನ್ನೋದು. ಬಸವಣ್ಣನವರು ತಮ್ಮ ಮನಸ್ಸನ್ನೇ, ಬೇರೆಯವ್ರದ್ದಲ್ಲ ತಮ್ಮದನ್ನೇ, ಕೊಂಬೆ ಮೇಲಿನ ಮರ್ಕಟ ಅಂತ ಬಾಯ್ಬಿಟ್ಟು ಹೇಳ್ಕೊಂಡ್ರು. ಅಷ್ಟು ದೊಡ್ಡವ್ರಿಗೆ ಇಲ್ಲದ ಮುಜುಗರ ನಮಗ್ಯಾಕೆ.

ನೇರನುಡಿ

ತಿಳಿನೀರು ಅವ್ರ ಮಾತು ಒಪ್ತೀನಿ, ಆದ್ರೆ ಪೂರ್ತಿ ಒಪ್ಪಲ್ಲ. ಇದರ ಇನ್ನೊಂದು ಮುಖ ನಾನು ತುಂಬಾ ಹತ್ರದಿಂದ ನೋಡಿದೀನಿ. 'ನನ್ನ ಸ್ವಭಾವಾನೇ ಹಿಂಗೆ, ನಾನು ನನ್ನನ್ನ ಒಪ್ಕೊಂಡಿದೀನಿ' ಅಂತ ಹೇಳೋರ ಜೊತೆ ಬಾಳೋರ ಕಷ್ಟ ಏನು ಅಂತ ಯಾರೂ ಕೇಳಲ್ಲ. ಒಪ್ಕೊಂಡೋರು ನೆಮ್ಮದಿಯಾಗಿ ಕಣ್ಮುಚ್ಚಿ ಕೂತಿರ್ತಾರೆ, ಅವ್ರ ಮಾತಿನ ಪೆಟ್ಟು ತಿಂದೋರು ಪಕ್ಕದ ರೂಮಲ್ಲಿ ಅಳ್ತಿರ್ತಾರೆ. ಇದು ಅಧ್ಯಾತ್ಮ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವೆಲ್‌ವುಡ್ 1984ರಲ್ಲೇ ಇಂಥದ್ದಕ್ಕೆ ಸ್ಪಿರಿಚುಯಲ್ ಬೈಪಾಸಿಂಗ್ ಅಂತ ಹೆಸರು ಕೊಟ್ರು, ಅಂದ್ರೆ ಒಳಗಿನ ಗಾಯ, ಬಾಕಿ ಉಳಿದ ಕೆಲ್ಸ ಎಲ್ಲವನ್ನೂ ಸಾಧನೆ ಹೆಸರಲ್ಲಿ ದಾಟಿಕೊಂಡು ಹೋಗೋದು. ಅವರೂ ಬೌದ್ಧ ಸಾಧಕರೇ, ಹೊರಗಿಂದ ನಿಂತು ಟೀಕೆ ಮಾಡಿದೋರಲ್ಲ.

ಅದಕ್ಕೆ ಕೇಳುಗ ಅವ್ರೇ, ಅಸೂಯೆ ನಿಮ್ಮ ಒಳಗೇ ಹುಟ್ಟಿ ಒಳಗೇ ಹೋದ್ರೆ ತಿಳಿನೀರು ಹೇಳಿದ್ದು ಸಾಕು. ಆದ್ರೆ ಅದು ಕೈಗೆ ಬಾಯಿಗೆ ಇಳೀತಾ ಅಂತ ಪ್ರಾಮಾಣಿಕವಾಗಿ ನೋಡ್ಕೊಳ್ಳಿ. ಅವ್ರ ಕೆಲ್ಸದ ಬಗ್ಗೆ ಮೀಟಿಂಗಲ್ಲಿ ಒಂದು ಮಾತು ಕಮ್ಮಿ ಹೇಳಿದ್ರಾ, ಬೇರೆಯವ್ರ ಹತ್ರ 'ಅವನಿಗೆ ಲಕ್ಕು' ಅಂದ್ರಾ. ಅಲ್ಲಿಗೆ ಬಂದ್ಮೇಲೆ ಬರೀ ಒಪ್ಕೊಳ್ಳೋದು ಸಾಲಲ್ಲ, ಸರಿ ಮಾಡ್ಲೇಬೇಕು.

ಸಂಜೆಗಾಳಿ

ಇಬ್ರೂ ಹೇಳ್ತಿರೋದು ಒಂದಕ್ಕೊಂದು ವಿರುದ್ಧ ಅಂತ ನಂಗೆ ಅನ್ಸಲ್ಲ. ತನ್ನನ್ನ ತಾನು ಬೈಕೊಂಡಷ್ಟೂ ಜಾಸ್ತಿ ತಿದ್ಕೋತೀವಿ ಅನ್ನೋ ನಂಬಿಕೆ ನಮ್ಮೆಲ್ರಲ್ಲೂ ಇದೆ, ಅದೇ ತಪ್ಪು. 2012ರಲ್ಲಿ ಬ್ರೈನ್ಸ್ ಮತ್ತೆ ಚೆನ್ ಅನ್ನೋ ಇಬ್ರು ಸಂಶೋಧಕರು ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ಕಷ್ಟದ ಟೆಸ್ಟಲ್ಲಿ ಸರಿಯಾಗಿ ಮಾಡದೇ ಇದ್ದೋರಲ್ಲಿ ಕೆಲವರಿಗೆ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸೋಕೆ ಹೇಳಿದ್ರು, ಮುಂದಿನ ಟೆಸ್ಟಿಗೆ ಜಾಸ್ತಿ ಹೊತ್ತು ಓದಿದ್ದು ಅವ್ರೇ. ತಮ್ಮ ದೌರ್ಬಲ್ಯದ ಬಗ್ಗೆ ಕರುಣೆಯಿಂದ ಬರೆದವ್ರಲ್ಲೂ ಬದಲಾಗ್ಬೇಕು ಅನ್ನೋ ಮನಸ್ಸು ಜಾಸ್ತಿ ಕಾಣಿಸ್ತು. ಮೆತ್ತಗಾದ್ರೆ ಸೋಮಾರಿ ಆಗ್ತೀವಿ ಅನ್ನೋ ಭಯಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನಾನು ನೋಡಿಲ್ಲ. ಕಾರಣ ಕೂಡ ಸರಳ, ನೋಡಿದ್ರೆ ಪೆಟ್ಟು ಬೀಳತ್ತೆ ಅಂತ ಗೊತ್ತಿದ್ರೆ ಮನಸ್ಸು ಆ ಕಡೆ ನೋಡೋದೇ ಇಲ್ಲ, ನೋಡದೇ ಇರೋದನ್ನ ತಿದ್ದೋದು ಎಲ್ಲಿಂದ.

ಇನ್ನು ಅಸೂಯೆಗೆ ಅಂತಾನೇ ಇರೋ ಅಭ್ಯಾಸ ಒಂದಿದೆ. ಪತಂಜಲಿಯ ಯೋಗಸೂತ್ರದಲ್ಲಿ ಮೊದಲ ಪಾದದ 33ನೇ ಸೂತ್ರ ಸುಖವಾಗಿ ಇರೋರ ಬಗ್ಗೆ ಮೈತ್ರಿ, ದುಃಖದಲ್ಲಿರೋರ ಬಗ್ಗೆ ಕರುಣೆ ಬೆಳೆಸ್ಕೋ ಅನ್ನತ್ತೆ. ಸುಖ ಪಡೋರ ಜೊತೆ ಸ್ನೇಹ ಇಟ್ಕೊಳ್ಳೋಕೂ ಅಭ್ಯಾಸ ಬೇಕು ಅಂತ ಅಷ್ಟು ಹಿಂದೆನೇ ಕಂಡ್ಕೊಂಡಿದ್ರಲ್ಲ, ಅಂದ್ರೆ ಇದು ನಿಮ್ಮೊಬ್ಬರ ಕಾಯಿಲೆ ಅಲ್ಲ. ಬೌದ್ಧರಲ್ಲಿ ಬೇರೆಯವ್ರ ಏಳಿಗೆಗೆ ಸಂತೋಷ ಪಡೋದನ್ನ ಮುದಿತಾ ಅಂತಾರೆ, ಅದನ್ನ ತುಂಬಾ ಇಷ್ಟದ ಗೆಳೆಯನಿಂದ ಶುರು ಮಾಡಿಸ್ತಾರೆ, ಆಗದೇ ಇರೋರು ಬರೋದು ಎಷ್ಟೋ ಆದ್ಮೇಲೆ. ನೀವು ನೇರವಾಗಿ ಪ್ರಮೋಷನ್ ಸಿಕ್ಕ ಸಹೋದ್ಯೋಗಿ ಮೇಲೇ ಸಂತೋಷ ತಂದ್ಕೊಳ್ಳೋಕೆ ಹೋಗ್ತಿದೀರ, ಅದು ಕೊನೇ ಪಾಠ. ಮೊದ್ಲು ಯಾರ ಖುಷಿ ಕಂಡ್ರೆ ತಾನಾಗೇ ನಗು ಬರತ್ತೋ ಅವ್ರನ್ನ ನೆನೆಸ್ಕೊಂಡು ಕೂತ್ಕೊಳ್ಳಿ.

ಕೇಳುಗ

ಮೂರೂ ಜನಕ್ಕೆ ತುಂಬಾ ಧನ್ಯವಾದ. ನನ್ನಂಥ ಸಾಧಕನಿಗೆ ಬರಬಾರದಿತ್ತು ಅನ್ನೋ ಅಹಂಕಾರದ ಮಾತು ಎದೆಗೆ ನಾಟ್ತು, ಅದು ಹೌದು. ನೇರನುಡಿ ಅವ್ರು ಹೇಳಿದ್ದಕ್ಕೆ ಒಂದು ಪ್ರಶ್ನೆ, ಆ ಸಹೋದ್ಯೋಗಿ ಹತ್ರನೇ ಹೋಗಿ ನಿನ್ನ ಮೇಲೆ ನಂಗೆ ಅಸೂಯೆ ಇತ್ತು ಅಂತ ಹೇಳಿಬಿಡ್ಲಾ? ಹೇಳಿದ್ರೆ ಹಗುರ ಆಗತ್ತೇನೋ ಅನ್ಸತ್ತೆ.

ನೇರನುಡಿ

ಬೇಡ. ಹಗುರ ಆಗೋದು ನಿಮಗೆ, ಭಾರ ಹೊರೋದು ಅವ್ರು. ನಾಳೆಯಿಂದ ನೀವು ನಕ್ಕರೂ ಅವ್ರಿಗೆ ಅನುಮಾನ.

ಕುಡಿತ ಬಿಡೋಕೆ ಅಂತ 1935ರಲ್ಲಿ ಶುರು ಆದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳಲ್ಲಿ ಇದಕ್ಕೆ ಒಳ್ಳೆ ಉತ್ತರ ಇದೆ. ಐದನೇ ಹೆಜ್ಜೆಲಿ ತನ್ನ ತಪ್ಪುಗಳ ನಿಜರೂಪವನ್ನ ದೇವರ ಮುಂದೆ, ತನ್ನ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ಹೇಳ್ಕೋಬೇಕು. ಆ ಇನ್ನೊಬ್ರು ನೋವು ಉಂಡೋರೇ ಆಗಿರಬೇಕು ಅಂತಿಲ್ಲ. ನೋವಾದೋರಿಗೆ ಸರಿಪಡಿಸೋದು ಒಂಬತ್ತನೇ ಹೆಜ್ಜೆ, ಅಲ್ಲೂ ಒಂದು ಷರತ್ತು ಇದೆ, ಹಂಗೆ ಮಾಡೋದ್ರಿಂದ ಅವ್ರಿಗೆ ಅಥವಾ ಬೇರೆಯವ್ರಿಗೆ ಪೆಟ್ಟಾಗೋ ಹಾಗಿದ್ರೆ ಮಾಡಬಾರದು.

ಹಾಗಾಗಿ ಅಸೂಯೆನ ನಂಬಿಕೆ ಇರೋ ಒಬ್ರ ಹತ್ರ ಹೇಳ್ಕೊಳ್ಳಿ, ಗುರುಗಳೋ ಗೆಳೆಯರೋ, ಬುದ್ಧಿ ಹೇಳೋಕೆ ಮುಂಚೆ ಪೂರ್ತಿ ಕೇಳೋರು. ಸಹೋದ್ಯೋಗಿ ವಿಷ್ಯದಲ್ಲಿ ಬಾಯಿಗೆ ಇಳಿದದ್ದು ಏನಾದ್ರೂ ಇದ್ರೆ ಅದನ್ನ ಮಾತ್ರ ಸರಿ ಮಾಡಿ. ಯಾರ ಮುಂದೆ ಅವ್ರ ಕೆಲ್ಸನ ಕಮ್ಮಿ ಮಾಡಿ ಹೇಳಿದ್ರೋ ಅವ್ರ ಮುಂದೆನೇ ಅದು ಒಳ್ಳೆ ಕೆಲ್ಸ ಅಂತ ಹೇಳಿ. ಹೊಟ್ಟೆಕಿಚ್ಚು ಪೂರ್ತಿ ಹೋಗ್ಲಿ ಆಮೇಲೆ ಹೇಳೋಣ ಅಂತ ಕಾಯಬೇಡಿ.